ಓಡೋ ಕಾರಿಗಿಂತ ನಿಲ್ಲೋ ಕಾರು ಮೇಲು

ಜಾವಗಲ್ ನಮ್ಮೂರು ಅಂದ ಕೂಡಲೇ ಎದುರಿಗಿದ್ದವರು ಕೇಳುವ ಮೊದಲ ಪ್ರಶ್ನೆ, ‘ಶ್ರೀನಾಥ್ ಊರಾ?’ ಟೆಸ್ಟ್‌ನಲ್ಲಿ 236, ಏಕದಿನ ಕ್ರಿಕೆಟ್‌ನಲ್ಲಿ 315 ವಿಕೆಟ್ ಪಡೆದ ವೇಗಿ ತಮ್ಮ ಹೆಸರಿನ ಜೊತೆ ಅರಸೀಕೆರೆ ತಾಲ್ಲೂಕಿನ ಈ ಊರಿನ ಹೆಸರನ್ನೂ ಜಗತ್ತು ಸುತ್ತಿಸಿದರು. ಅವರು ಹುಟ್ಟಿದ್ದು ಮೈಸೂರಿನಲ್ಲಾದರೂ ವೇಗದ ಮೇಲೆ ನಮಗೊಂದು ಹಕ್ಕಿದೆ ಅಂತ ಇಲ್ಲಿನ ಹುಡುಗರು ತಮಾಷೆ ಮಾಡುವುದುಂಟು. ಆದರೆ ನಾನು ಬರೆಯಹೊರಟಿರುವುದು ನಿಲ್ಲುವುದರ ಬಗ್ಗೆ.

ಹಳೇ ಕಾರು ಕೊಂಡು ‘ಮಾಡಿಫೈ’ ಮಾಡಿಸುವುದು ನಮ್ಮ ವಯಸ್ಸಿನವರ ದೊಡ್ಡ ಹುಚ್ಚು. ಅಗಲದ ಟೈರು, ಹೊಳೆಯುವ ಅಲಾಯ್ ವೀಲ್, ಗುಡುಗುವ ಸೈಲೆನ್ಸರ್. ಬೇಕರಿ ಮುಂದೆ ನಿಂತ ಇಂಥ ಕಾರಿನ ಸುತ್ತ ಸೇರುವವರೆಲ್ಲ ‘ಎಷ್ಟು ಹೋಗುತ್ತೆ?’ ಅಂತ ಕೇಳುತ್ತಾರೆ. ‘ಎಷ್ಟರಲ್ಲಿ ನಿಲ್ಲುತ್ತೆ?’ ಅಂತ ಕೇಳಿದವರನ್ನು ನಾನು ಕಂಡಿಲ್ಲ.

ಈ ಪ್ರಶ್ನೆ ನಮ್ಮ ಮನೆಯಲ್ಲಿ ಎದ್ದಿದ್ದು ಚಿಕ್ಕಪ್ಪ 2003ರ ಮಾದರಿಯ ಮಾರುತಿ ಝೆನ್ ತಂದ ಮೇಲೆ. ಬೆಂಗಳೂರಿನಲ್ಲಿ ಯಾರೋ ಆಸೆಪಟ್ಟು ಸಿಂಗರಿಸಿ, ಆಮೇಲೆ ಮಾರಿದ ಕಾರು. 993 ಸಿಸಿ ಎಂಜಿನ್ ಇನ್ನೂ ಗಟ್ಟಿಯಾಗಿತ್ತು. ಬ್ರೇಕ್ ಮಾತ್ರ ಹಿಡಿಯುತ್ತಿರಲಿಲ್ಲ. ಪೂರ್ತಿ ಇಲ್ಲವೆಂದಲ್ಲ. ಒತ್ತಿದರೆ ನಿಲ್ಲುತ್ತಿತ್ತು, ಅಂದುಕೊಂಡ ಜಾಗಕ್ಕಿಂತ ನಾಲ್ಕು ಮಾರು ಮುಂದೆ ಹೋಗಿ ನಿಲ್ಲುತ್ತಿತ್ತು. ಹಳೇಬೀಡಿನ ರಸ್ತೆಯಲ್ಲಿ ಕುರಿ ಮಂದೆ ಅಡ್ಡ ಬಂದಾಗ ಆ ನಾಲ್ಕು ಮಾರಿನ ಬೆಲೆ ಗೊತ್ತಾಗುತ್ತದೆ. ಅದರ ಮೇಲೆ, ಅಜ್ಜಿಯನ್ನು ಕೂರಿಸಿಕೊಂಡು ಧರ್ಮಸ್ಥಳಕ್ಕೆ ಹೋಗುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ ದಾಟಿದರೆ ಮುಂದಿರುವುದು ಚಾರ್ಮಾಡಿ ಘಾಟಿ. ಅರ್ಧ ಹಿಡಿಯುವ ಬ್ರೇಕಿನಲ್ಲಿ ಇಳಿಯುವ ದಾರಿ ಅದಲ್ಲ.

ಸಲಹೆಗೆ ಬರವಿಲ್ಲ

‘ಹಿಂದಿನ ಚಕ್ರಕ್ಕೂ ಡಿಸ್ಕ್ ಹಾಕಿಸಿ’ ಎಂದರು ಒಬ್ಬರು. ‘ದೊಡ್ಡ ಕಾರಿನ ಮಾಸ್ಟರ್ ಸಿಲಿಂಡರ್ ಕೂರಿಸಿದರೆ ಸರಿಹೋಗುತ್ತೆ’ ಎಂದರು ಇನ್ನೊಬ್ಬರು. ‘ಬೂಸ್ಟರ್ ಹೋಗಿದೆ, ಬದಲಾಯಿಸಿ’ ಎಂದರು ಮತ್ತೊಬ್ಬರು. ಎಲ್ಲವೂ ಸಾವಿರಗಳ ಲೆಕ್ಕ. ಅವರಲ್ಲಿ ಯಾರೂ ಕಾರಿನಡಿ ಬಗ್ಗಿ ನೋಡಿರಲಿಲ್ಲ.

ಆಟೊಮೊಬೈಲ್ ಡಿಪ್ಲೊಮಾ ಮುಗಿಸಿ ಕೆಲಸ ಹುಡುಕುತ್ತಿದ್ದ ನನಗೆ ಪಠ್ಯದ ಬ್ರೇಕ್ ಗೊತ್ತಿತ್ತು. ರಸ್ತೆಯ ಬ್ರೇಕ್ ಕಲಿಸಿದ್ದು ಊರಿನ ಹಿರಿಯ ಮೆಕ್ಯಾನಿಕ್ ಒಬ್ಬರು. ಎಲ್ಲರಿಗೂ ಅವರು ಚಾಚಾ. ಚಿಕ್ಕಪ್ಪ ಬೂಸ್ಟರ್ ಬೆಲೆ ಕೇಳಿದ್ದಕ್ಕೆ ಅವರು, ‘ಸಾಮಾನು ಆಮೇಲೆ ತರೋಣ ಗೌಡ್ರೇ, ಮೊದ್ಲು ಪೆಡಲ್ ಏನ್ ಹೇಳುತ್ತೆ ಕೇಳೋಣ’ ಅಂದರು. ಮುಂದಿನ ಮೂರು ದಿನ ನಡೆದಿದ್ದು ಅದೇ.

ಪೆಡಲ್ ಹೇಳುವ ಮಾತು

ಬ್ರೇಕ್ ಮಂದವಾಗಿದೆ ಅನ್ನುವುದು ‘ಮೈ ಸರಿಯಿಲ್ಲ’ ಅಂದ ಹಾಗೆ. ಜ್ವರವೋ ಅಜೀರ್ಣವೋ ತಿಳಿಯುವುದಿಲ್ಲ. ಕಾಲಿನ ಕೆಳಗೆ ಪೆಡಲ್ ಹೇಗೆ ವರ್ತಿಸುತ್ತದೆ ಅನ್ನುವುದೇ ಮೊದಲ ಸುಳಿವು.

ಪೆಡಲ್ ಸ್ಪಂಜಿನ ಹಾಗೆ ಮೆತ್ತಗಿದ್ದರೆ ಪೈಪಿನೊಳಗೆ ಗಾಳಿ ಸೇರಿದೆ, ಇಲ್ಲವೇ ರಬ್ಬರ್ ಹೋಸ್ ಹಳತಾಗಿ ಉಬ್ಬುತ್ತಿದೆ. ಎರಡು ಮೂರು ಸಲ ಪಂಪ್ ಮಾಡಿದ ಮೇಲೆ ಪೆಡಲ್ ಮೇಲೆ ಬಂದರೆ ಹಿಂದಿನ ಡ್ರಮ್‌ನಲ್ಲಿ ಶೂ ಮತ್ತು ಡ್ರಮ್ ನಡುವಿನ ಅಂತರ ಹೆಚ್ಚಾಗಿರಬಹುದು. ಕಾಲಿಟ್ಟು ಒತ್ತಿ ಹಿಡಿದಾಗ ಪೆಡಲ್ ನಿಧಾನಕ್ಕೆ ನೆಲಕ್ಕಿಳಿದರೆ ಎಲ್ಲೋ ಸೋರುತ್ತಿದೆ, ಅಥವಾ ಮಾಸ್ಟರ್ ಸಿಲಿಂಡರ್ ಒಳಗಿನ ವಾಷರ್ ಸವೆದಿದೆ. ಅಂಥ ಕಾರನ್ನು ಅಲ್ಲೇ ನಿಲ್ಲಿಸಬೇಕು. ಬ್ರೇಕ್ ಹಿಡಿದಾಗ ಕಾರು ಒಂದು ಕಡೆಗೆ ಎಳೆದರೆ ಒಂದು ಬದಿಯ ಕ್ಯಾಲಿಪರ್ ಜಾಮ್ ಆಗಿರಬಹುದು, ಇಲ್ಲವೇ ಲೈನಿಂಗ್‌ಗೆ ಎಣ್ಣೆ ತಗುಲಿರಬಹುದು. ಪೆಡಲ್ ಮೇಲೇ ಇದ್ದು, ಕಲ್ಲಿನಂತೆ ಗಟ್ಟಿಯಾಗಿದ್ದು, ಕಾರು ಮಾತ್ರ ನಿಲ್ಲದಿದ್ದರೆ ಬೂಸ್ಟರ್‌ಗೆ ಹೋಗುವ ನಿರ್ವಾತ ಕಡಿಮೆಯಾಗಿದೆ, ಅಥವಾ ಪ್ಯಾಡ್‌ಗಳು ಗಾಜಿನಂತೆ ನುಣುಪಾಗಿವೆ.

ನಮ್ಮ ಝೆನ್‌ನದು ಕೊನೆಯ ಜಾತಿ, ಗಟ್ಟಿ ಪೆಡಲ್. ಜೊತೆಗೆ ಒಂದು ವಿಚಿತ್ರ: ಬೆಳಿಗ್ಗೆ ಪರವಾಗಿಲ್ಲ ಅನ್ನಿಸುವ ಬ್ರೇಕ್ ಹತ್ತು ಹದಿನೈದು ಕಿ.ಮೀ. ಓಡಿದ ಮೇಲೆ ಹದಗೆಡುತ್ತಿತ್ತು.

ಬೆಳಿಗ್ಗೆ ಪಾಸು, ಸಂಜೆ ಫೇಲು

ಬೂಸ್ಟರ್ ಪರೀಕ್ಷೆಗೆ ಯಾವ ಯಂತ್ರವೂ ಬೇಡ. ಎಂಜಿನ್ ಆಫ್ ಮಾಡಿ ಪೆಡಲನ್ನು ನಾಲ್ಕೈದು ಸಲ ಒತ್ತಿದರೆ ಒಳಗೆ ಉಳಿದ ನಿರ್ವಾತ ಖಾಲಿಯಾಗುತ್ತದೆ. ಆಮೇಲೆ ಪೆಡಲನ್ನು ಒತ್ತಿ ಹಿಡಿದುಕೊಂಡೇ ಎಂಜಿನ್ ಸ್ಟಾರ್ಟ್ ಮಾಡಬೇಕು. ಪೆಡಲ್ ತಾನಾಗಿ ಸ್ವಲ್ಪ ಕೆಳಗಿಳಿದರೆ ಬೂಸ್ಟರ್ ಕೆಲಸ ಮಾಡುತ್ತಿದೆ. ಕದಲದಿದ್ದರೆ ಬೂಸ್ಟರನ್ನೋ, ಅದಕ್ಕೆ ಹೋಗುವ ಪೈಪನ್ನೋ, ನಡುವಿನ ವಾಲ್ವನ್ನೋ ಅನುಮಾನಿಸಬೇಕು.

ಬೆಳಿಗ್ಗೆ ಮಾಡಿದಾಗ ಪೆಡಲ್ ಇಳಿಯಿತು. ಬೂಸ್ಟರ್ ಸರಿಯಿದೆ ಅಂತ ಬಾನೆಟ್ ಮುಚ್ಚಬಹುದಿತ್ತು. ಚಾಚಾ ಬಿಡಲಿಲ್ಲ. ‘ಬಾಣಾವರ ತನಕ ಹೋಗಿ ಬಾ, ಬಿಸಿ ಇರೋವಾಗ್ಲೇ ಮಾಡು’ ಎಂದರು. ಹೋಗಿ ಬಂದು ಮಾಡಿದರೆ ಪೆಡಲ್ ಕದಲಲೇ ಇಲ್ಲ.

ಕಾರಣ ಸಿಕ್ಕಿದ್ದು ಎಂಜಿನ್ ಪಕ್ಕದ ಒಂದು ಗೇಣು ಪೈಪಿನಲ್ಲಿ. ಇಂಟೇಕ್ ಮ್ಯಾನಿಫೋಲ್ಡ್‌ನಿಂದ ಬೂಸ್ಟರ್‌ಗೆ ನಿರ್ವಾತ ಒಯ್ಯುವ ಪೈಪಿಗೆ ಒಳಗಡೆ ನೂಲಿನ ಹೆಣಿಗೆ ಇರುತ್ತದೆ. ಗಾಳಿ ಎಳೆದುಕೊಂಡರೂ ಅದು ಚಪ್ಪಟೆಯಾಗಬಾರದು. ಹಿಂದಿನವರು ಅಲಂಕಾರದ ಏರ್ ಫಿಲ್ಟರ್ ಕೂರಿಸುವಾಗ ಅದನ್ನು ತೆಗೆದು ಸಾಮಾನ್ಯ ರಬ್ಬರ್ ಪೈಪ್ ಸಿಕ್ಕಿಸಿದ್ದರು. ತಣ್ಣಗಿರುವಾಗ ಅದು ಗಟ್ಟಿಯಾಗಿರುತ್ತಿತ್ತು, ಎಂಜಿನ್ ಬಿಸಿಯಾದಂತೆ ಮೆತ್ತಗಾಗಿ ಸ್ಟ್ರಾ ಹೀರಿದ ಹಾಗೆ ಒಳಕ್ಕೆ ಅಂಟಿಕೊಳ್ಳುತ್ತಿತ್ತು. ಸರಿಯಾದ ಪೈಪಿಗೆ ಬೂಸ್ಟರ್ ಬೆಲೆಯ ಒಂದು ಚೂರೂ ಆಗಲಿಲ್ಲ.

ದೋಷ ಯಾವ ಹೊತ್ತಿನಲ್ಲಿ ಕಾಣಿಸುತ್ತದೋ ಅದೇ ಹೊತ್ತಿನಲ್ಲಿ ಪರೀಕ್ಷೆ ಮಾಡಬೇಕು. ಈ ಮಾತು ಕಾರಿಗಷ್ಟೇ ಅಲ್ಲ, ಪಂಪ್‌ಸೆಟ್‌ನಿಂದ ಕಂಪ್ಯೂಟರ್‌ವರೆಗೆ ಎಲ್ಲಕ್ಕೂ ಹೊಂದುತ್ತದೆ.

ಚಕ್ರ ಬಿಚ್ಚಿದ ಮೇಲೆ

ಅಷ್ಟಕ್ಕೇ ಮುಗಿಯಲಿಲ್ಲ. ಕಾರನ್ನು ಜಾಕ್‌ನ ಮೇಲಷ್ಟೇ ನಂಬಿ ಬಿಡದೆ ಸ್ಟ್ಯಾಂಡ್ ಕೊಟ್ಟು ನಾಲ್ಕೂ ಚಕ್ರ ಬಿಚ್ಚಿದೆವು. ಮುಂದಿನ ಪ್ಯಾಡ್‌ಗಳಲ್ಲಿ ದಪ್ಪ ಇತ್ತು, ಆದರೆ ಮೈ ಕನ್ನಡಿಯಂತೆ ಹೊಳೆಯುತ್ತಿತ್ತು. ಕಡಿಮೆ ಬೆಲೆಯ ಪ್ಯಾಡ್ ಪದೇ ಪದೇ ಅತಿಯಾಗಿ ಕಾದರೆ ಹೀಗಾಗುತ್ತದೆ. ಆಮೇಲೆ ಅದು ಡಿಸ್ಕನ್ನು ಹಿಡಿಯುವುದಿಲ್ಲ, ಸವರುತ್ತದೆ. ಹಿಂದಿನ ಡ್ರಮ್‌ಗಳ ಒಳಗೆ ಅಡ್ಜಸ್ಟರ್ ತುಕ್ಕು ಹಿಡಿದು ಶೂಗಳು ದೂರವೇ ಉಳಿದಿದ್ದವು. ಹ್ಯಾಂಡ್ ಬ್ರೇಕ್ ಲಿವರ್ ಕಿವಿಯವರೆಗೆ ಎದ್ದು ಬರುತ್ತಿದ್ದುದೂ ಅದೇ ಕಾರಣಕ್ಕೆ.

ಡ್ರಮ್ ಬಿಚ್ಚಿದಾಗ ಕಪ್ಪು ಪುಡಿಯನ್ನು ಬಾಯಿಂದ ಊದಬೇಡಿ, ಗಾಳಿ ಹೊಡೆಯಲೂ ಬೇಡಿ. ಹಳೇ ಲೈನಿಂಗ್‌ಗಳಲ್ಲಿ ಶ್ವಾಸಕೋಶಕ್ಕೆ ಅಪಾಯಕಾರಿಯಾದ ಕಲ್ನಾರು ಇರುವ ಸಾಧ್ಯತೆ ಇದೆ. ಒದ್ದೆ ಬಟ್ಟೆಯಲ್ಲಿ ಒರೆಸುವುದೇ ಸರಿ.

ಬ್ರೇಕ್ ಆಯಿಲ್ ಬಣ್ಣ ಕಾಫಿ ಡಿಕಾಕ್ಷನ್ ಆಗಿತ್ತು. ಈ ದ್ರವ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಹೊಸ ಡಾಟ್-3 ದ್ರವ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ. ತೇವ ಸೇರಿದಾಗ ಆ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಡಾಟ್-4ಕ್ಕೆ ಇದು 230 ಮತ್ತು 155. ದ್ರವ ಕುದಿದರೆ ಪೈಪಿನಲ್ಲಿ ಆವಿಯ ಗುಳ್ಳೆ ಏಳುತ್ತದೆ. ದ್ರವವನ್ನು ಅದುಮಲಾಗದು, ಆವಿಯನ್ನು ಅದುಮಬಹುದು. ಪೆಡಲ್ ನೆಲ ಮುಟ್ಟುತ್ತದೆ, ಬ್ರೇಕ್ ಬೀಳುವುದಿಲ್ಲ. ಎರಡು ವರ್ಷಕ್ಕೊಮ್ಮೆ ದ್ರವ ಬದಲಿಸಿ ಎನ್ನುವುದು ಇದಕ್ಕೇ. ಕಡಿಮೆಯಾಗಿದೆ ಅಂತ ಎಂಜಿನ್ ಆಯಿಲ್ ಸುರಿದರೆ ಒಳಗಿನ ರಬ್ಬರೆಲ್ಲ ಉಬ್ಬಿ ಹಾಳಾಗುತ್ತದೆ.

ಅಂದದ ಚಕ್ರದ ಲೆಕ್ಕ

ಪೈಪ್, ಪ್ಯಾಡ್, ಅಡ್ಜಸ್ಟರ್, ಆಯಿಲ್ ಎಲ್ಲ ಸರಿಮಾಡಿದ ಮೇಲೆ ಬ್ರೇಕ್ ಬಹಳ ಸುಧಾರಿಸಿತು. ಆದರೂ ಏನೋ ಕೊರತೆ. ಇಲ್ಲಿ ನನ್ನ ಕ್ಯಾಲ್ಕುಲೇಟರ್ ಕೆಲಸಕ್ಕೆ ಬಂತು.

ಝೆನ್‌ಗೆ ಕಂಪನಿ ಕೊಟ್ಟ ಟೈರ್ 145/70 ಆರ್13. ನಮ್ಮ ಕಾರಿನಲ್ಲಿದ್ದುದು 175/65 ಆರ್14. ಮೊದಲ ಸಂಖ್ಯೆ ಮಿಲಿಮೀಟರ್‌ನಲ್ಲಿ ಟೈರಿನ ಅಗಲ, ಎರಡನೆಯದು ಆ ಅಗಲದ ಶೇಕಡಾವಾರಿನಲ್ಲಿ ಪಕ್ಕದ ಎತ್ತರ, ಕೊನೆಯದು ಇಂಚಿನಲ್ಲಿ ರಿಮ್ ವ್ಯಾಸ. ಲೆಕ್ಕ ಹಾಕಿದರೆ ಮೂಲ ಚಕ್ರದ ಒಟ್ಟು ವ್ಯಾಸ ಸುಮಾರು 533 ಮಿ.ಮೀ., ಹೊಸದರದು 583 ಮಿ.ಮೀ. ಶೇ 9ಕ್ಕೂ ಹೆಚ್ಚು ದೊಡ್ಡದು.

ಇದರಿಂದ ಎರಡು ಪೆಟ್ಟು. ಡಿಸ್ಕ್ ಅಷ್ಟೇ ಇದ್ದು ಚಕ್ರ ದೊಡ್ಡದಾದರೆ, ಅದೇ ಕಾಲಿನ ಒತ್ತಡಕ್ಕೆ ರಸ್ತೆಯ ಮೇಲೆ ಸಿಗುವ ತಡೆಯುವ ಬಲ ಸುಮಾರು ಶೇ 9ರಷ್ಟು ಇಳಿಯುತ್ತದೆ. ಇನ್ನೊಂದು ಕಡೆ ಸ್ಪೀಡೊಮೀಟರ್ ಮೋಸ ಮಾಡುತ್ತದೆ. ಅದು ಎಣಿಸುವುದು ಚಕ್ರದ ಸುತ್ತುಗಳನ್ನು. ದೊಡ್ಡ ಚಕ್ರ ಒಂದು ಸುತ್ತಿಗೆ ಹೆಚ್ಚು ದೂರ ಹೋಗುವುದರಿಂದ ಮೊದಲು ಮೀಟರ್ 60 ತೋರಿಸುತ್ತಿದ್ದ ವೇಗಕ್ಕೆ ಹೋಲಿಸಿದರೆ ಈಗ ಅದೇ 60ರಲ್ಲಿ ಕಾರು 65ಕ್ಕೂ ಹೆಚ್ಚು ವೇಗದಲ್ಲಿರುತ್ತದೆ. ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣ ಅಂತ ಪಿಯುಸಿಯಲ್ಲಿ ಬರೆದಿದ್ದೇವಲ್ಲ? ಹಾಗಾಗಿ ತಡೆಯಬೇಕಾದ ಶಕ್ತಿ ಸುಮಾರು ಶೇ 20 ಜಾಸ್ತಿ. ಎರಡನ್ನೂ ಸೇರಿಸಿದರೆ ಅದೇ ಒತ್ತಡದಲ್ಲಿ ಕಾರು ನಿಲ್ಲುವ ದೂರ ಹೆಚ್ಚು ಕಡಿಮೆ ಶೇ 30 ಹೆಚ್ಚುತ್ತದೆ. 30 ಮೀಟರ್‌ನಲ್ಲಿ ನಿಲ್ಲಬೇಕಾದದ್ದು 39 ಮೀಟರ್‌ಗೆ ನಿಲ್ಲುತ್ತದೆ. ಬ್ರೇಕಿನಲ್ಲಿ ಒಂದೇ ಒಂದು ದೋಷ ಇಲ್ಲದಿದ್ದರೂ ಇಷ್ಟು!

ಹಾಳೆ ಮೇಲಿನ ಲೆಕ್ಕವನ್ನು ಚಾಚಾಗೆ ತೋರಿಸಿದೆ. ‘ನಾವು ಕಾಲಲ್ಲಿ ತಿಳ್ಕೊಂಡಿದ್ದನ್ನ ನೀನು ಪೆನ್ನಲ್ಲಿ ಬರ್ದಿದೀಯ’ ಎಂದು ನಕ್ಕರು. ಅಲಾಯ್ ಮಾರಿ, ಅದೇ ದುಡ್ಡಿಗೆ ಮತ್ತಷ್ಟು ಸೇರಿಸಿ 13 ಇಂಚಿನ ಸ್ಟೀಲ್ ರಿಮ್, ಮೂಲ ಅಳತೆಯ ಹೊಸ ಟೈರ್ ತಂದೆವು. ಕಾರಿನ ಗತ್ತು ಇಳಿಯಿತೆಂದು ತಮ್ಮ ಎರಡು ದಿನ ಮುಖ ಊದಿಸಿಕೊಂಡಿದ್ದ.

ದೊಡ್ಡ ಸಾಮಾನು ದೊಡ್ಡ ಬ್ರೇಕಲ್ಲ

ದೊಡ್ಡ ಮಾಸ್ಟರ್ ಸಿಲಿಂಡರ್ ಹಾಕಿದರೆ ಬ್ರೇಕ್ ಹೆಚ್ಚುತ್ತದೆ ಎಂಬ ನಂಬಿಕೆ ಬಹಳ ಜನರಲ್ಲಿದೆ. ಪಾಸ್ಕಲ್ ನಿಯಮ ಹೇಳುವುದು ಬೇರೆ. ಒತ್ತಡ ಎಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ್ದು. 19 ಮಿ.ಮೀ. ಸಿಲಿಂಡರ್ ತೆಗೆದು 22 ಮಿ.ಮೀ. ಹಾಕಿದರೆ ಪಿಸ್ಟನ್ ವಿಸ್ತೀರ್ಣ ಶೇ 34 ಹೆಚ್ಚುತ್ತದೆ. ಅಂದರೆ ಅದೇ ಒತ್ತಡ ಬರಲು ಕಾಲು ಶೇ 34 ಹೆಚ್ಚು ಬಲ ಹಾಕಬೇಕು. ಪೆಡಲ್ ಗಟ್ಟಿಯಾಗಿ, ಚಿಕ್ಕ ಓಟದಲ್ಲಿ ಹಿಡಿದಂತೆ ಭಾಸವಾಗುವುದರಿಂದ ‘ಬ್ರೇಕ್ ಚೆನ್ನಾಗಿದೆ’ ಅನ್ನಿಸುತ್ತದೆ. ಅನ್ನಿಸುವುದೇ ಬೇರೆ, ನಿಲ್ಲುವುದೇ ಬೇರೆ.

ಹಿಂದೆ ಡಿಸ್ಕ್ ಹಾಕಿಸುವುದರಲ್ಲಿ ಇನ್ನೂ ದೊಡ್ಡ ಅಪಾಯವಿದೆ. ಬ್ರೇಕ್ ಹಿಡಿದಾಗ ಕಾರಿನ ಭಾರ ಮುಂದಕ್ಕೆ ಬಾಗುವುದರಿಂದ ಹೆಚ್ಚಿನ ಕೆಲಸ ಮುಂದಿನ ಚಕ್ರಗಳದ್ದು. ಹಗುರಾದ ಹಿಂಭಾಗಕ್ಕೆ ಹೆಚ್ಚು ಬ್ರೇಕ್ ಕೊಟ್ಟರೆ ಹಿಂದಿನ ಚಕ್ರ ಮೊದಲು ಲಾಕ್ ಆಗಿ ಕಾರು ಗಿರಕಿ ಹೊಡೆಯುತ್ತದೆ. 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆ ಎಬಿಎಸ್ ಕಡ್ಡಾಯ. ನಮ್ಮಂಥ ಹಳೇ ಕಾರುಗಳಿಗೆ ಆ ರಕ್ಷೆ ಇಲ್ಲ. ಕಂಪನಿ ಎಂಜಿನಿಯರ್‌ಗಳು ಮುಂದೆ ಹಿಂದೆ ಹಂಚಿಕೊಟ್ಟ ಪಾಲನ್ನು ಅಂದಾಜಿನ ಮೇಲೆ ಕೆಡಿಸಬಾರದು.

ಅಳೆದು ನೋಡಿದೆವು

ಹೊಸ ಪ್ಯಾಡ್ ಹಾಕಿದ ಕೂಡಲೇ ಪೂರ್ತಿ ಹಿಡಿಯುವುದಿಲ್ಲ. ಖಾಲಿ ರಸ್ತೆಯಲ್ಲಿ 60ರಿಂದ 20ಕ್ಕೆ ಹದವಾಗಿ ಇಳಿಸುತ್ತಾ, ನಡುವೆ ಆರಲು ಬಿಡುತ್ತಾ ಎಂಟು ಹತ್ತು ಸಲ ಮಾಡಿದರೆ ಪ್ಯಾಡ್ ಮತ್ತು ಡಿಸ್ಕ್ ಒಂದಕ್ಕೊಂದು ಒಗ್ಗುತ್ತವೆ.

ಕೆಲಸ ಶುರುಮಾಡುವ ಮೊದಲೇ ಒಂದು ಬೆಳಿಗ್ಗೆ, ವಾಹನ ಓಡಾಟವಿಲ್ಲದ ಸಮತಟ್ಟು ರಸ್ತೆಯಲ್ಲಿ ಸುಣ್ಣದ ಗೆರೆ ಎಳೆದು, ಮೀಟರ್‌ನಲ್ಲಿ 40 ಇರುವಾಗ ಗೆರೆಯ ಮೇಲೆ ಬ್ರೇಕ್ ಹಿಡಿದಿದ್ದೆವು. ನಿಂತಿದ್ದು ನನ್ನ 21 ಹೆಜ್ಜೆಗೆ. ಎಲ್ಲ ಮುಗಿದ ಮೇಲೆ ಅದೇ ಗೆರೆ, ಅದೇ ಚಾಲಕ, ಅದೇ 40. ಈ ಸಲ 13 ಹೆಜ್ಜೆ. ಮೊದಲಿನ ಅಳತೆ ಇಲ್ಲದಿದ್ದರೆ ‘ಸ್ವಲ್ಪ ಪರವಾಗಿಲ್ಲ’ ಅನ್ನುವ ಮಾತಿನಲ್ಲೇ ನಿಲ್ಲುತ್ತಿದ್ದೆವು.

ನಂತರ ಚಾರ್ಮಾಡಿಗೂ ಹೋಗಿ ಬಂದೆವು. ಘಾಟಿಯ ಬಗ್ಗೆ ಒಂದು ಲೆಕ್ಕ ನೆನಪಿಡಿ. ನೇರ ಎತ್ತರದಲ್ಲಿ 100 ಮೀಟರ್ ಇಳಿಯುವಾಗ ಬಿಡುಗಡೆಯಾಗುವ ಶಕ್ತಿ, ಅದೇ ಕಾರು ಸುಮಾರು 160 ಕಿ.ಮೀ. ವೇಗದಲ್ಲಿರುವಾಗ ಇರುವ ಶಕ್ತಿಗೆ ಸಮ. ಬರೀ ಬ್ರೇಕಿನಲ್ಲೇ ಇಳಿದರೆ ಅದರಲ್ಲಿ ಹೆಚ್ಚಿನ ಪಾಲು ಪ್ಯಾಡ್ ಮತ್ತು ಡ್ರಮ್‌ಗಳಲ್ಲಿ ಬಿಸಿಯಾಗುತ್ತದೆ. ಅದಕ್ಕೇ ಎರಡನೇ ಗೇರ್‌ನಲ್ಲಿ ಎಂಜಿನ್ ತಡೆಯಲಿ ಎನ್ನುವುದು. ಪೆಟ್ರೋಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿಯುವವರು ಈ ಲೆಕ್ಕ ನೋಡಲಿ. ಕೆಳಗಿಳಿದು ಕಾರು ನಿಲ್ಲಿಸಿದಾಗ ಚಕ್ರದ ಬಳಿ ಸುಟ್ಟ ವಾಸನೆ ಇರಲಿಲ್ಲ, ಪೆಡಲ್ ಇದ್ದಲ್ಲೇ ಇತ್ತು. ಅಜ್ಜಿ ದಾರಿಯುದ್ದಕ್ಕೂ ನಿದ್ದೆ ಮಾಡಿದ್ದರು.

ಕಾನೂನು, ಕೆಲಸ

ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ಸೂಚಿಸಿದ್ದಕ್ಕೆ ಭಿನ್ನವಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ ಮಾಲೀಕರಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಹದಿನೈದು ವರ್ಷ ದಾಟಿದ ಖಾಸಗಿ ಕಾರಿನ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು, ಆಗ ತಪಾಸಣೆಯೂ ಇರುತ್ತದೆ. ಹಳೇ ಕಾರು ಕೊಳ್ಳುವ ಮುನ್ನ ಚಾಲಕನ ಬಾಗಿಲ ಬಳಿಯ ಸ್ಟಿಕ್ಕರ್ ಅಥವಾ ಕೈಪಿಡಿಯಲ್ಲಿರುವ ಟೈರ್ ಅಳತೆಗೂ ಚಕ್ರದ ಮೇಲಿನ ಅಳತೆಗೂ ತಾಳೆ ನೋಡಿ. ಎರಡು ನಿಮಿಷದ ಕೆಲಸ.

ಕೆಲಸ ಹುಡುಕುವ ಗೆಳೆಯರಿಗೆ ಒಂದು ಮಾತು. ಐಟಿಐನಲ್ಲಿ ಎರಡು ವರ್ಷದ ಮೋಟಾರು ವಾಹನ ಮೆಕ್ಯಾನಿಕ್ ಕೋರ್ಸ್ ಮಾಡಿದವರಿಗೂ ನಮ್ಮಂಥ ಡಿಪ್ಲೊಮಾದವರಿಗೂ ಎಲೆಕ್ಟ್ರಿಕ್ ಕಾರು ಬಂದರೆ ನಮ್ಮ ವಿದ್ಯೆ ಏನಾಗುತ್ತದೋ ಎಂಬ ಅಳುಕಿದೆ. ಎಲೆಕ್ಟ್ರಿಕ್ ಕಾರಿನಲ್ಲಿ ಮೋಟಾರೇ ವೇಗ ತಗ್ಗಿಸಿ ಬ್ಯಾಟರಿ ತುಂಬುತ್ತದೆ ನಿಜ. ಆದರೂ ಅದಕ್ಕೆ ಡಿಸ್ಕ್, ಪ್ಯಾಡ್, ಬ್ರೇಕ್ ಆಯಿಲ್ ಇದ್ದೇ ಇವೆ. ಸಾಮಾನು ಬಿಚ್ಚಿ ಹೊಸದು ಹಾಕುವವರು ಊರ ತುಂಬ ಸಿಗುತ್ತಾರೆ. ಯಾವುದನ್ನು ಬಿಚ್ಚಬೇಕಾಗಿಲ್ಲ ಎಂದು ಕಾರಣ ಸಮೇತ ಹೇಳಬಲ್ಲವರು ಕಡಿಮೆ. ಚಿಕ್ಕಪ್ಪನ ಕಾರಿನಲ್ಲಿ ಬೂಸ್ಟರ್, ಮಾಸ್ಟರ್ ಸಿಲಿಂಡರ್, ಹಿಂದಿನ ಡಿಸ್ಕ್ ಮೂರಕ್ಕೂ ದುಡ್ಡು ಸುರಿದಿದ್ದರೂ ಆ ಗೇಣುದ್ದದ ಪೈಪ್ ಅಲ್ಲೇ ಇರುತ್ತಿತ್ತು, ದೊಡ್ಡ ಚಕ್ರವೂ ಅಲ್ಲೇ ಇರುತ್ತಿತ್ತು.

60 ಕಿ.ಮೀ. ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಎದುರಿಗೆ ಮಗು ಕಂಡು, ಕಾಲು ಬ್ರೇಕಿಗೆ ಬರುವಷ್ಟರಲ್ಲೇ ಅಷ್ಟು ದೂರ ಹೋಗಿಬಿಟ್ಟಿರುತ್ತದೆ. ಉಳಿದದ್ದು ಬ್ರೇಕಿನ ಪಾಲು. ಅಲಾಯ್‌ಗೆ ದುಡ್ಡು ಕೂಡಿಡುತ್ತಿರುವವರು ಈ ಭಾನುವಾರ ಒಂದು ಕೆಲಸ ಮಾಡಿ: ಎಂಜಿನ್ ಆಫ್ ಮಾಡಿ, ಪೆಡಲನ್ನು ನಾಲ್ಕೈದು ಸಲ ಒತ್ತಿ, ಹಿಡಿದುಕೊಂಡೇ ಸ್ಟಾರ್ಟ್ ಮಾಡಿ. ಆಮೇಲೆ ಒಂದು ಸುತ್ತು ಹೋಗಿ ಬಂದು, ಬಿಸಿ ಆರುವ ಮೊದಲೇ ಇನ್ನೊಮ್ಮೆ ಮಾಡಿ.